ಹಳೆಯ ಮೈಕ್ರೋಕಂಪ್ಯೂಟರುಗಳ ಪ್ರೊಸೆಸರ್ ವೇಗವನ್ನು ಹೋಲಿಸುವ ಕ್ರಮ: ಬೇಸಿಕ್ ಪರೀಕ್ಷೆಯಿಂದ ಸೈಕಲ್ ಎಣಿಕೆಯವರೆಗೆ

ಆಪಲ್ ಟು ಯಂತ್ರದಲ್ಲಿರುವುದು 6502 ಪ್ರೊಸೆಸರ್, ಅದರ ಗಡಿಯಾರ, ಅಂದರೆ ಪ್ರೊಸೆಸರನ್ನು ನಡೆಸುವ ಮಿಡಿತದ ವೇಗ, 1.023 ಮೆಗಾಹರ್ಟ್ಸ್ (ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಮಿಡಿತ; ಒಂದು ಮಿಡಿತವೇ ಒಂದು ಸೈಕಲ್). ಸಿಂಕ್ಲೇರ್ ಸ್ಪೆಕ್ಟ್ರಮ್‌ನಲ್ಲಿರುವುದು ಝಡ್80ಎ, ಅದರ ಗಡಿಯಾರ 3.5 ಮೆಗಾಹರ್ಟ್ಸ್. 1977ರಿಂದ ಬಳಕೆಯಲ್ಲಿರುವ ಏಳು ಬೇಸಿಕ್ (ಒಂದು ಪ್ರೋಗ್ರಾಂ ಭಾಷೆ) ಪರೀಕ್ಷೆಗಳಲ್ಲಿ ಕೊನೆಯದನ್ನು ಎರಡರಲ್ಲೂ ಓಡಿಸಿದರೆ ಆಪಲ್ ಟು ಸುಮಾರು 45 ಸೆಕೆಂಡಿನಲ್ಲಿ ಮುಗಿಸುತ್ತದೆ, ಸ್ಪೆಕ್ಟ್ರಮ್ ಸುಮಾರು 80 ಸೆಕೆಂಡು ತೆಗೆದುಕೊಳ್ಳುತ್ತದೆ. ಆದರೆ ಎರಡರಲ್ಲೂ ಯಂತ್ರಭಾಷೆಯಲ್ಲಿ (ಪ್ರೊಸೆಸರ್ ನೇರವಾಗಿ ಪಾಲಿಸುವ ಆದೇಶಗಳಲ್ಲಿ) ಒಂದು ಚಿಕ್ಕ ಲೂಪ್ ಬರೆದು ನೋಡಿದರೆ ಅದರ ಒಂದು ಸುತ್ತಿಗೆ ಆಪಲ್ ಟು 28 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ಸ್ಪೆಕ್ಟ್ರಮ್‌ಗೆ 9 ಮೈಕ್ರೋಸೆಕೆಂಡ್ ಕೂಡ ಬೇಕಾಗುವುದಿಲ್ಲ. ಎರಡೂ ಅಳತೆಗಳು ಸರಿಯಾಗಿವೆ. ಮೊದಲನೆಯದರಲ್ಲಿ ಅಳೆದದ್ದು ಬೇಸಿಕ್ ಸಾಲುಗಳನ್ನು ಒಂದೊಂದಾಗಿ ಓದಿ ನಡೆಸುವ ಪ್ರೋಗ್ರಾಂ ಆದ ಇಂಟರ್‌ಪ್ರಿಟರನ್ನು, ಎರಡನೆಯದರಲ್ಲಿ ಪ್ರೊಸೆಸರನ್ನು.

ಹಳೆಯ ಪತ್ರಿಕೆಗಳ ಕೋಷ್ಟಕಗಳನ್ನು ಓದುವಾಗ ಈ ವ್ಯತ್ಯಾಸ ಸುಲಭವಾಗಿ ಕಣ್ತಪ್ಪುತ್ತದೆ. ಆ ಕಾಲದ ಯಂತ್ರದಲ್ಲಿ ಒಂದು ಪರೀಕ್ಷೆಯ ಸಮಯವೆಂದರೆ ಪ್ರೊಸೆಸರ್, ಗಡಿಯಾರ, ಪರದೆಗೂ ಪ್ರೊಸೆಸರಿಗೂ ನಡುವೆ ಹಂಚಿಹೋದ ಮೆಮರಿ, ರೋಮ್‌ನಲ್ಲಿ ಕುಳಿತ ಇಂಟರ್‌ಪ್ರಿಟರ್, ಪ್ರೋಗ್ರಾಂ ಬರೆದವರ ಕೈಚಳಕ ಇವೆಲ್ಲ ಒಟ್ಟಾಗಿ ಕೊಟ್ಟ ಉತ್ತರ. ಪ್ರೊಸೆಸರಿನ ಪಾಲು ಎಷ್ಟೆಂದು ತಿಳಿಯಬೇಕಾದರೆ ಉಳಿದವನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕು. ಆ ಬಿಡಿಸುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ನಿರ್ದಿಷ್ಟಪಡಿಸಿಕೊಳ್ಳಿ

"ಯಾವುದು ವೇಗ?" ಎಂಬ ಪ್ರಶ್ನೆಗೆ ಕನಿಷ್ಠ ಮೂರು ಅರ್ಥಗಳಿವೆ. ಯಂತ್ರವನ್ನು ಕೊಂಡುತಂದು ಬೇಸಿಕ್‌ನಲ್ಲಿ ಪ್ರೋಗ್ರಾಂ ಬರೆಯುವವರಿಗೆ ಯಾವುದು ಬೇಗ ಉತ್ತರ ಕೊಡುತ್ತದೆ ಎಂಬುದು ಒಂದು. ಆ ಯಂತ್ರದ ಮೇಲೆ ಯಂತ್ರಭಾಷೆಯಲ್ಲಿ ಸಾಧಿಸಬಹುದಾದ ಗರಿಷ್ಠ ಎಷ್ಟು ಎಂಬುದು ಇನ್ನೊಂದು. ಗಡಿಯಾರದ ವೇಗವನ್ನು ಬದಿಗಿಟ್ಟು, ಒಂದು ಸೈಕಲ್‌ನಲ್ಲಿ ಯಾವ ಪ್ರೊಸೆಸರ್ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ಬೇಸಿಕ್ ಪರೀಕ್ಷೆಗಳೇ ಸಾಕು, ಮೂರನೆಯದಕ್ಕೆ ಅವು ಏನೇನೂ ಸಾಲವು. ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆ ಯಾವುದೆಂದು ಬರೆದಿಟ್ಟುಕೊಳ್ಳಿ, ಏಕೆಂದರೆ ಅಳತೆಗಳು ಕೈಗೆ ಬಂದ ಮೇಲೆ ಒಂದು ಪ್ರಶ್ನೆಯ ಉತ್ತರವನ್ನು ಮತ್ತೊಂದಕ್ಕೆ ಹಚ್ಚುವ ಆಸೆ ಎಲ್ಲರಿಗೂ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಯಂತ್ರದ ಸ್ಥಿತಿಯನ್ನು ದಾಖಲಿಸಿ, ಗಡಿಯಾರವನ್ನು ಪರೀಕ್ಷಿಸಿ

ಯಂತ್ರದ ಮಾದರಿ, ಪ್ರೊಸೆಸರ್, ಗಡಿಯಾರದ ನಿಖರ ವೇಗ, ಬೇಸಿಕ್‌ನ ಆವೃತ್ತಿ, ಪರದೆಯ ಮೋಡ್, ಟಿವಿ ಪದ್ಧತಿ ಇಷ್ಟನ್ನೂ ಬರೆದುಕೊಳ್ಳಿ. ಟಿವಿ ಪದ್ಧತಿಗೂ ವೇಗಕ್ಕೂ ಏನು ಸಂಬಂಧ ಎನಿಸಬಹುದು. ಕಮೋಡೋರ್ 64ರಲ್ಲಿ ಪ್ರೊಸೆಸರಿನ ಗಡಿಯಾರ ಬಣ್ಣದ ಸಂಕೇತದ ಹರಳಿನಿಂದಲೇ ಹುಟ್ಟುವುದರಿಂದ ಅಮೆರಿಕದ ಎನ್‌ಟಿಎಸ್‌ಸಿ ಯಂತ್ರ 1.023 ಮೆಗಾಹರ್ಟ್ಸ್‌ನಲ್ಲೂ ಯುರೋಪಿನ ಪಾಲ್ ಯಂತ್ರ 0.985 ಮೆಗಾಹರ್ಟ್ಸ್‌ನಲ್ಲೂ ಓಡುತ್ತದೆ. ಶೇಕಡ 4ರಷ್ಟಿರುವ ಈ ಅಂತರವೇ ಕೆಲವೊಮ್ಮೆ ಎರಡು ಕೋಷ್ಟಕಗಳ ನಡುವಿನ ಜಗಳಕ್ಕೆ ಪೂರ್ಣ ಕಾರಣವಾಗಿರುತ್ತದೆ.

ಇನ್ನು ಸಮಯವನ್ನು ಅಳೆಯುವ ಬಗೆ. ನಿಲುಗಡಿಯಾರವನ್ನು ಕೈಯಲ್ಲಿ ಹಿಡಿದು ಒತ್ತುವವರಿಗೆ ಆರಂಭದಲ್ಲೂ ಕೊನೆಯಲ್ಲೂ ಒಂದೆರಡು ಹತ್ತನೇ ಸೆಕೆಂಡಿನ ಹಿಂದುಮುಂದು ತಪ್ಪಿದ್ದಲ್ಲ. 80 ಸೆಕೆಂಡಿನ ಪರೀಕ್ಷೆಗೆ ಅದು ಗಣನೆಗೆ ಬಾರದು. ಆದರೆ ಬಿಬಿಸಿ ಮೈಕ್ರೋದಲ್ಲಿ ಒಂದು ಸೆಕೆಂಡೂ ಹಿಡಿಯದ ಮೊದಲ ಪರೀಕ್ಷೆಯಲ್ಲಿ ಅಷ್ಟೇ ತಪ್ಪು ಇಡೀ ಅಳತೆಯನ್ನು ಹಾಳುಮಾಡುತ್ತದೆ. ಆದ್ದರಿಂದ ಚಿಕ್ಕ ಪರೀಕ್ಷೆಗಳ ಸುತ್ತುಗಳನ್ನು 1000ದಿಂದ 10,000ಕ್ಕೆ ಏರಿಸಿ, ಬಂದ ಸಮಯವನ್ನು ಹತ್ತರಿಂದ ಭಾಗಿಸಿ. ಇಲ್ಲವೇ ಯಂತ್ರದೊಳಗಿನ ಎಣಿಕೆಯನ್ನೇ ಬಳಸಿ: ಬಿಬಿಸಿ ಬೇಸಿಕ್‌ನ ಟೈಮ್ ವೇರಿಯಬಲ್ ಸೆಕೆಂಡಿಗೆ 100 ಸಲ ಏರುತ್ತದೆ, ಕಮೋಡೋರ್‌ನ ಟಿಐ ವೇರಿಯಬಲ್ 60 ಸಲ, ಯುರೋಪಿನ ಸ್ಪೆಕ್ಟ್ರಮ್‌ನಲ್ಲಿ 23672, 23673, 23674 ವಿಳಾಸಗಳ ಮೂರು ಬೈಟುಗಳು ಸೇರಿ ಸೆಕೆಂಡಿಗೆ 50ರಂತೆ ಎಣಿಸುತ್ತವೆ. ಆಪಲ್ ಟುವಿನಲ್ಲಿ ಇಂತಹ ಗಡಿಯಾರವೇ ಇಲ್ಲದ್ದರಿಂದ ಅಲ್ಲಿ ನಿಲುಗಡಿಯಾರವೇ ಗತಿ. ಒಂದು ಎಚ್ಚರಿಕೆಯನ್ನು ಮರೆಯಬಾರದು. ಈ ಎಣಿಕೆಗಳು ಪ್ರೊಸೆಸರಿನ ಕೆಲಸವನ್ನು ನಿಯಮಿತವಾಗಿ ತಡೆದು ಎಣಿಸಲು ಹೇಳುವ ಸಂಕೇತಗಳಾದ ಇಂಟರಪ್ಟ್‌ಗಳ ಮೇಲೆ ನಿಂತಿವೆ. ಇಂಟರಪ್ಟ್ ನಿಲ್ಲಿಸುವ ಯಂತ್ರಭಾಷೆಯ ತುಣುಕೋ, ಸ್ಪೆಕ್ಟ್ರಮ್‌ನ ಬೀಪ್ ಆದೇಶವೋ, ಟೇಪ್ ಓದುವ ಕೆಲಸವೋ ನಡುವೆ ಬಂದರೆ ಗಡಿಯಾರ ಅಷ್ಟು ಹೊತ್ತು ನಿಂತುಬಿಡುತ್ತದೆ, ಯಂತ್ರ ಇಲ್ಲದ ವೇಗವನ್ನು ತೋರಿಸುತ್ತದೆ.

ಯಂತ್ರವೇ ಕೈಗೆ ಸಿಗದವರು ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂನಲ್ಲಿ) ಈ ಎಲ್ಲ ಹೆಜ್ಜೆಗಳನ್ನೂ ಮಾಡಬಹುದು. ಕಮೋಡೋರ್‌ಗೆ ವೈಸ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಬಿಬಿಸಿಗೆ ಬೀಬ್‌ಎಮ್ ಬಳಕೆಯಲ್ಲಿವೆ. ವೇಗ ಶೇಕಡ 100ಕ್ಕೆ ನಿಂತಿದೆಯೇ ಎಂದು ನೋಡಿಕೊಳ್ಳಿ, ಮತ್ತು ಸಮಯವನ್ನು ಎಮ್ಯುಲೇಟರಿನ ಒಳಗಿನ ಗಡಿಯಾರದಿಂದಲೇ ಓದಿ. ನಿಮ್ಮ ಈಗಿನ ಕಂಪ್ಯೂಟರ್ ಬೇರೊಂದು ಕೆಲಸಕ್ಕಾಗಿ ಒಂದು ಗಳಿಗೆ ತಡವರಿಸಿದರೂ ಒಳಗಿನ ಲೆಕ್ಕ ತಪ್ಪುವುದಿಲ್ಲ.

ಮೂರನೆಯ ಹೆಜ್ಜೆ: ರಗ್ ಮತ್ತು ಫೆಲ್ಡ್‌ಮನ್ ಅವರ ಏಳು ಪರೀಕ್ಷೆಗಳನ್ನು ಓಡಿಸಿ, ಒಂದರಿಂದ ಒಂದನ್ನು ಕಳೆಯಿರಿ

ಟಾಮ್ ರಗ್ ಮತ್ತು ಫಿಲ್ ಫೆಲ್ಡ್‌ಮನ್ 1977ರಲ್ಲಿ ಅಮೆರಿಕದ ಕಿಲೋಬಾಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಏಳು ಪುಟ್ಟ ಪ್ರೋಗ್ರಾಂಗಳು ಬಿಎಂ1ರಿಂದ ಬಿಎಂ7ರವರೆಗಿನ ಹೆಸರಿನಲ್ಲಿ ಪ್ರಸಿದ್ಧವಾದವು. ಬ್ರಿಟನ್ನಿನ ಪರ್ಸನಲ್ ಕಂಪ್ಯೂಟರ್ ವರ್ಲ್ಡ್ ಅವನ್ನು ತನ್ನ ವಿಮರ್ಶೆಗಳಲ್ಲಿ ಬಳಸಿ, ಘಾತ, ಲಾಗರಿದಮ್ ಮತ್ತು ಸೈನ್ ಲೆಕ್ಕಗಳಿರುವ ಎಂಟನೆಯದನ್ನು ಸೇರಿಸಿತು. ಎಂಟನೆಯದರ ಸುತ್ತುಗಳನ್ನು ಕೆಲವು ಕೋಷ್ಟಕಗಳು 100 ಎಂದೂ ಕೆಲವು 1000 ಎಂದೂ ಹಿಡಿದಿರುವುದರಿಂದ, ಹತ್ತು ಪಟ್ಟಿನ ವ್ಯತ್ಯಾಸ ಕಂಡಾಗ ಮೊದಲು ಅದನ್ನೇ ಪರಿಶೀಲಿಸಿ.

ಪರೀಕ್ಷೆಗಳ ರಚನೆ ಸರಳ. ಬಿಎಂ1 ಎಂದರೆ 1ರಿಂದ 1000ದವರೆಗಿನ ಖಾಲಿ ಫಾರ್–ನೆಕ್ಸ್ಟ್ ಲೂಪ್. ಬಿಎಂ2ರಲ್ಲಿ ಅದೇ ಎಣಿಕೆಯನ್ನು "ಕೆ = ಕೆ + 1" ಎಂಬ ಸಾಲಿನಿಂದಲೂ, ಕೆ 1000ಕ್ಕಿಂತ ಕಡಿಮೆಯಿದ್ದರೆ ಹಿಂದಕ್ಕೆ ಹಾರುವ ಇಫ್ ಸಾಲಿನಿಂದಲೂ ಮಾಡುತ್ತಾರೆ. ಬಿಎಂ3 ಅದಕ್ಕೆ "ಎ = ಕೆ / ಕೆ * ಕೆ + ಕೆ − ಕೆ" ಎಂಬ ಸಾಲನ್ನು ಸೇರಿಸುತ್ತದೆ. ಬಿಎಂ4 ಅದೇ ಸಾಲನ್ನು "ಎ = ಕೆ / 2 * 3 + 4 − 5" ಎಂದು ಬದಲಿಸುತ್ತದೆ. ಬಿಎಂ5ರಲ್ಲಿ ಹೋಗಿ ಬರುವುದಷ್ಟೇ ಕೆಲಸವಾದ ಒಂದು ಗೋಸಬ್ (ಉಪಪ್ರೋಗ್ರಾಂ ಕರೆ), ಬಿಎಂ6ರಲ್ಲಿ ಐದು ಸುತ್ತಿನ ಒಳಲೂಪ್, ಬಿಎಂ7ರಲ್ಲಿ ಆ ಒಳಲೂಪಿನೊಳಗೆ ಅರೇಯ (ಸಂಖ್ಯೆ ಹಾಕಿದ ಮನೆಗಳ ಸಾಲಿನ) ಒಂದು ಮನೆಗೆ ಬೆಲೆ ತುಂಬುವ ಸಾಲು ಕೂಡಿಕೊಳ್ಳುತ್ತವೆ.

ಒಂದೊಂದು ಪರೀಕ್ಷೆಯೂ ಹಿಂದಿನದಕ್ಕೆ ಒಂದೇ ಒಂದು ಕೆಲಸವನ್ನು ಸೇರಿಸುವುದೋ ಬದಲಿಸುವುದೋ ಮಾಡುವುದೇ ಈ ಕಟ್ಟಿನ ಜಾಣ್ಮೆ. ಆದ್ದರಿಂದ ಏಳನ್ನೂ ಕೂಡಿ ಸರಾಸರಿ ತೆಗೆಯುವ ಪದ್ಧತಿ ನನಗೆ ಒಪ್ಪಿಗೆಯಾಗುವುದಿಲ್ಲ. ಕಳೆಯುವುದೇ ಸರಿಯಾದ ದಾರಿ. ಆಪಲ್ ಟುವಿನ ಆಪಲ್‌ಸಾಫ್ಟ್ ಬೇಸಿಕ್‌ನ ಪ್ರಕಟಿತ ಸಮಯಗಳನ್ನು ನೋಡಿ: 1.3, 8.5, 16.0, 17.8, 19.1, 28.6, 44.8 ಸೆಕೆಂಡು. ಸುತ್ತುಗಳು 1000 ಆದ್ದರಿಂದ ಈ ಸೆಕೆಂಡುಗಳನ್ನು ಒಂದು ಸುತ್ತಿನ ಮಿಲಿಸೆಕೆಂಡುಗಳೆಂದೇ ಓದಬಹುದು. ಬಿಎಂ3ರಿಂದ ಬಿಎಂ2 ಕಳೆದರೆ ನಾಲ್ಕು ಲೆಕ್ಕಗಳ ಆ ಒಂದು ಸಾಲಿಗೆ 7.5 ಮಿಲಿಸೆಕೆಂಡ್. ಬಿಎಂ4ಕ್ಕೂ ಬಿಎಂ3ಕ್ಕೂ ಇರುವ 1.8ರ ಅಂತರ ತುಂಬ ಮಾತಾಡುತ್ತದೆ: ಮೈಕ್ರೋಸಾಫ್ಟ್ ಬರೆದ 6502ರ ಬೇಸಿಕ್‌ಗಳು ಪ್ರೋಗ್ರಾಂನಲ್ಲಿರುವ 2, 3, 4, 5 ಎಂಬ ಅಂಕಿಗಳನ್ನು ಪ್ರತಿ ಸಲವೂ ಅಕ್ಷರದಿಂದ ಸಂಖ್ಯೆಗೆ ಹೊಸದಾಗಿ ಪರಿವರ್ತಿಸುತ್ತವೆ, ಆದ್ದರಿಂದ ಅಲ್ಲಿ ಸ್ಥಿರಸಂಖ್ಯೆಗಿಂತ ವೇರಿಯಬಲ್ ಅಗ್ಗ. ಗೋಸಬ್‌ಗೆ 1.3. ಬಿಎಂ7ರಿಂದ ಬಿಎಂ6 ಕಳೆದು ಐದರಿಂದ ಭಾಗಿಸಿದರೆ ಅರೇಯ ಒಂದು ಮನೆ ತುಂಬಲು ಸುಮಾರು 3.2 ಮಿಲಿಸೆಕೆಂಡ್. ಅಂದರೆ ಅಷ್ಟೊಂದು ಕೆಲಸಕ್ಕೆ 6502ರ 3,300 ಸೈಕಲ್‌ಗಳು. ಒಂದು ಬೈಟನ್ನು ಮೆಮರಿಗೆ ಬರೆಯಲು ಆ ಪ್ರೊಸೆಸರಿಗೆ ಬೇಕಾಗುವುದು ಮೂರರಿಂದ ಆರು ಸೈಕಲ್. ಉಳಿದದ್ದೆಲ್ಲ ಇಂಟರ್‌ಪ್ರಿಟರಿನ ಖರ್ಚು.

ಇದೇ ಕಳೆಯುವ ಲೆಕ್ಕವನ್ನು ಸ್ಪೆಕ್ಟ್ರಮ್‌ಗೆ ಹಾಕಿದರೆ ಅದು ಸೋಲುವ ಜಾಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಸ್ಥಿರಸಂಖ್ಯೆಯ ವಿಷಯದಲ್ಲಿ ಸ್ಪೆಕ್ಟ್ರಮ್ ಹಿಂದಿಲ್ಲ. ಅಲ್ಲಿ ಸಾಲನ್ನು ನಮೂದಿಸಿದಾಗಲೇ ಪ್ರತಿ ಅಂಕಿಯ ಪಕ್ಕದಲ್ಲಿ ಅದರ ಐದು ಬೈಟಿನ ದ್ವಿಮಾನ ರೂಪವನ್ನು ಅಡಗಿಸಿಡುತ್ತಾರೆ. ಆದರೆ ಬಿಎಂ5ರಿಂದ ಬಿಎಂ6ಕ್ಕೆ ಬಂದಾಗ ಆಪಲ್ ಟುವಿನಲ್ಲಿ 9.5 ಸೆಕೆಂಡು ಏರಿದರೆ ಸ್ಪೆಕ್ಟ್ರಮ್‌ನಲ್ಲಿ ಸುಮಾರು 30 ಸೆಕೆಂಡು ಏರುತ್ತದೆ. ಆಪಲ್‌ಸಾಫ್ಟ್ ಲೂಪಿನ ಆರಂಭದ ವಿಳಾಸವನ್ನೇ ಸ್ಟ್ಯಾಕಿನಲ್ಲಿ ಇಟ್ಟುಕೊಂಡು ನೆಕ್ಸ್ಟ್ ಬಂದೊಡನೆ ನೇರವಾಗಿ ಅಲ್ಲಿಗೆ ಹಾರುತ್ತದೆ. ಸ್ಪೆಕ್ಟ್ರಮ್ ಸಾಲಿನ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಂಡು, ಪ್ರತಿ ಸಲವೂ ಪ್ರೋಗ್ರಾಂನ ಮೊದಲಿನಿಂದ ಆ ಸಾಲನ್ನು ಹುಡುಕುತ್ತದೆ. ಕಡಿಮೆ ಮೆಮರಿಯ ಝಡ್ಎಕ್ಸ್80 ಮತ್ತು ಝಡ್ಎಕ್ಸ್81 ಯಂತ್ರಗಳ ವಂಶದಿಂದ ಬಂದ ಬೇಸಿಕ್ ಅದು. ಬೈಟು ಉಳಿಸುವುದು ಅಲ್ಲಿ ಸಮಯ ಉಳಿಸುವುದಕ್ಕಿಂತ ಮುಖ್ಯವಾಗಿತ್ತು. ಝಡ್80ಕ್ಕೆ ಈ ತಪ್ಪನ್ನು ಹೊರಿಸುವುದು ಅನ್ಯಾಯ.

ಇನ್ನೊಂದು ತುದಿಯಲ್ಲಿ ಬಿಬಿಸಿ ಮೈಕ್ರೋ ಇದೆ. ಅದರ 6502 ಓಡುವುದು 2 ಮೆಗಾಹರ್ಟ್ಸ್‌ನಲ್ಲಿ, ಬಿಎಂ7ಕ್ಕೆ ಅದು ತೆಗೆದುಕೊಳ್ಳುವುದು ಸುಮಾರು 21 ಸೆಕೆಂಡು. ಆಪಲ್ ಟುವಿನ 44.8ನ್ನು ಗಡಿಯಾರದ ಅನುಪಾತದಿಂದ ಇಳಿಸಿದರೆ ಸುಮಾರು 23 ಬರುತ್ತದೆ, ಹಾಗಾಗಿ ಗೆಲುವಿನ ಬಹುಪಾಲು ಗಡಿಯಾರದ್ದೇ. ಆದರೆ ಬಿಎಂ2ರಲ್ಲಿ ಅದು ಸುಮಾರು 3 ಸೆಕೆಂಡಿನಲ್ಲಿ ಮುಗಿಸುತ್ತದೆ, ಅಲ್ಲಿ ಗಡಿಯಾರವೊಂದೇ ಕಾರಣವಾಗಿದ್ದರೆ 4.3 ಆಗಬೇಕಿತ್ತು. ಆ ಹೆಚ್ಚುವರಿ ಗಳಿಕೆ ಸೋಫಿ ವಿಲ್ಸನ್ ಬರೆದ ಇಂಟರ್‌ಪ್ರಿಟರಿನದು. ವೇರಿಯಬಲ್‌ಗಳನ್ನು ಮೊದಲ ಅಕ್ಷರದ ಪ್ರಕಾರ ಬೇರೆ ಬೇರೆ ಸರಪಳಿಗಳಲ್ಲಿ ಇಟ್ಟಿರುವುದರಿಂದ ಹುಡುಕಾಟ ಬೇಗ ಮುಗಿಯುತ್ತದೆ. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ. ಅದರ ಮುಂದೆ ಕುಳಿತು ಬೇಸಿಕ್ ಕಲಿತವರು ತಮಗರಿವಿಲ್ಲದೆ ಆ ಕಾಲದ ಅತ್ಯುತ್ತಮ ಇಂಟರ್‌ಪ್ರಿಟರುಗಳಲ್ಲಿ ಒಂದನ್ನು ಬಳಸಿದ್ದರು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಪ್ರೋಗ್ರಾಂ ಪಠ್ಯವನ್ನು ಅಕ್ಷರಶಃ ಒಂದೇ ರೀತಿ ಇಡುವುದು ಏಕೆ ಮುಖ್ಯ ಎಂಬುದನ್ನು ಸ್ವತಃ ಪ್ರಯೋಗ ಮಾಡಿ ನೋಡಿ. ಕಮೋಡೋರ್ ಅಥವಾ ಆಪಲ್ ಟುವಿನಲ್ಲಿ ಬಿಎಂ2ರ ಮೊದಲಿಗೆ ಇಪ್ಪತ್ತು ರೆಮ್ ಸಾಲುಗಳನ್ನು (ಯಾವ ಕೆಲಸವನ್ನೂ ಮಾಡದ ಟಿಪ್ಪಣಿ ಸಾಲುಗಳನ್ನು) ಸೇರಿಸಿ. ಅವು ಓಡುವುದು ಒಂದೇ ಸಲವಾದರೂ, ಹಿಂದಕ್ಕೆ ಹಾರುವಾಗಲೆಲ್ಲ ಇಂಟರ್‌ಪ್ರಿಟರ್ ಮೊದಲ ಸಾಲಿನಿಂದ ಹುಡುಕುವುದರಿಂದ ಸಮಯ ಏರುತ್ತದೆ. ಪೂರ್ಣಾಂಕ ವೇರಿಯಬಲ್‌ಗಳ ವಿಷಯವೂ ಹೀಗೆಯೇ. ಬಿಬಿಸಿ ಬೇಸಿಕ್‌ನಲ್ಲಿ ಹೆಸರಿನ ಕೊನೆಗೆ ಶೇಕಡ ಚಿಹ್ನೆ ಹಾಕಿದರೆ ವೇಗ ಹೆಚ್ಚುತ್ತದೆ, ಏಕೆಂದರೆ ಎ%ಯಿಂದ ಝಡ್%ವರೆಗಿನವುಗಳಿಗೆ ಮೆಮರಿಯಲ್ಲಿ ಖಾಯಂ ಜಾಗವಿದೆ. ಕಮೋಡೋರ್ ಬೇಸಿಕ್‌ನಲ್ಲಿ ಅದೇ ಚಿಹ್ನೆ ವೇಗವನ್ನು ತಗ್ಗಿಸುತ್ತದೆ, ಏಕೆಂದರೆ ಅದು ಪೂರ್ಣಾಂಕವನ್ನು ಪ್ರತಿ ಲೆಕ್ಕಕ್ಕೂ ದಶಾಂಶ ರೂಪಕ್ಕೆ ತಂದು, ಮತ್ತೆ ಹಿಂದಕ್ಕೆ ಒಯ್ಯುತ್ತದೆ. ಒಂದು ಯಂತ್ರಕ್ಕೆ ಅನುಕೂಲವೆಂದು ಪಠ್ಯವನ್ನು ತಿದ್ದಿದರೆ ಆ ಅಳತೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ನಾಲ್ಕನೆಯ ಹೆಜ್ಜೆ: ವೇಗದ ಜೊತೆಗೆ ನಿಖರತೆಯನ್ನೂ ತೂಗಿ

ಕ್ರಿಯೇಟಿವ್ ಕಂಪ್ಯೂಟಿಂಗ್ ಪತ್ರಿಕೆಯ ಸ್ಥಾಪಕ ಡೇವಿಡ್ ಆಲ್ 1983ರಲ್ಲಿ ಪ್ರಕಟಿಸಿದ ಪುಟ್ಟ ಪರೀಕ್ಷೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. 1ರಿಂದ 100ರವರೆಗಿನ ಪ್ರತಿ ಸಂಖ್ಯೆಯ ವರ್ಗಮೂಲವನ್ನು ಹತ್ತು ಸಲ ತೆಗೆದು, ಬಂದದ್ದನ್ನು ಹತ್ತು ಸಲ ವರ್ಗ ಮಾಡಿ, ಕೂಡಿ, ಐದರಿಂದ ಭಾಗಿಸುತ್ತಾರೆ. ತಪ್ಪೇ ಇಲ್ಲದ ಯಂತ್ರದಲ್ಲಿ ಉತ್ತರ 1010 ಆಗಬೇಕು, ಏಕೆಂದರೆ ಒಂದರಿಂದ ನೂರರವರೆಗಿನ ಮೊತ್ತ 5050. ಎಷ್ಟು ದೂರ ಸರಿಯಿತೋ ಅಷ್ಟು ಅನಿಖರ.

ಐಬಿಎಂ ಪಿಸಿ ಇದನ್ನು 24 ಸೆಕೆಂಡಿನಲ್ಲಿ ಮುಗಿಸಿ 0.0116ರಷ್ಟು ತಪ್ಪಿತು. ಆಪಲ್ ಟು ಕುಟುಂಬ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ತೆಗೆದುಕೊಂಡು 0.001ರಷ್ಟು ತಪ್ಪಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 99/4ಎ ಮೂರೂಮುಕ್ಕಾಲು ನಿಮಿಷ ಹಿಡಿದರೂ ಅದರ ತಪ್ಪು 0.00000011 ಮಾತ್ರ. ಐಬಿಎಂನ ಬೇಸಿಕ್ ಸಂಖ್ಯೆಗೆ ನಾಲ್ಕು ಬೈಟು ಬಳಸುತ್ತದೆ, ಆಪಲ್‌ಸಾಫ್ಟ್ ಐದು, 99/4ಎ ಎಂಟು. ಹೀಗಿರುವಾಗ ಐಬಿಎಂ ಐದು ಪಟ್ಟು ವೇಗ ಎನ್ನುವುದು, ಕಡಿಮೆ ಭಾರ ಹೊತ್ತವನು ಬೇಗ ನಡೆದ ಎಂದಂತೆ. ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆಯದೆ ಹೋಲಿಕೆ ಪೂರ್ಣವಾಗದು. 99/4ಎಯಲ್ಲಿ ಇರುವುದು 3 ಮೆಗಾಹರ್ಟ್ಸ್‌ನ 16 ಬಿಟ್ ಪ್ರೊಸೆಸರ್ ಎಂಬುದನ್ನೂ ಗಮನಿಸಿ. ಅದರ ಬೇಸಿಕ್ ಜಿಪಿಎಲ್ ಎಂಬ ಮತ್ತೊಂದು ಮಧ್ಯಂತರ ಭಾಷೆಯ ಮೇಲೆ ಕುಳಿತಿದೆ, ಪ್ರೋಗ್ರಾಂ ಇರುವುದು ಪರದೆಯ ಚಿಪ್ಪಿಗೆ ಸೇರಿದ ಮೆಮರಿಯಲ್ಲಿ. ಪ್ರೊಸೆಸರ್ ಎಷ್ಟೇ ದೊಡ್ಡದಿದ್ದರೂ ಎರಡು ಬಾಗಿಲು ದಾಟಿಯೇ ಅದು ಕೆಲಸಕ್ಕೆ ಬರಬೇಕು.

ಐದನೆಯ ಹೆಜ್ಜೆ: ಇಂಟರ್‌ಪ್ರಿಟರನ್ನು ಬಿಟ್ಟು ಜರಡಿಗೆ ಬನ್ನಿ

ಬೈಟ್ ಪತ್ರಿಕೆಯ 1981ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಜಿಮ್ ಗಿಲ್‌ಬ್ರೆತ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಎರಟೋಸ್ತನೀಸನ ಜರಡಿಯನ್ನು ಪರೀಕ್ಷೆಯಾಗಿ ಮುಂದಿಟ್ಟರು. 1983ರ ಜನವರಿಯಲ್ಲಿ ಇನ್ನೂ ಹೆಚ್ಚು ಯಂತ್ರಗಳೊಂದಿಗೆ ಅದೇ ವಿಷಯಕ್ಕೆ ಮರಳಿದರು. 8191 ಗುರುತುಗಳ ಅರೇ, ಒಂದೊಂದು ಗುರುತೂ 3ರಿಂದ 16383ರವರೆಗಿನ ಒಂದು ಬೆಸಸಂಖ್ಯೆಗೆ. ಅವಿಭಾಜ್ಯ ಸಂಖ್ಯೆ ಸಿಕ್ಕಿದಾಗಲೆಲ್ಲ ಅದರ ಗುಣಕಗಳನ್ನು ಹೊಡೆದುಹಾಕುತ್ತ ಹೋಗುವುದು. ಇಡೀ ಕೆಲಸ ಹತ್ತು ಸಲ. ಕೊನೆಯ ಉತ್ತರ 1899 ಬರಬೇಕು. ಬೇರೆ ಸಂಖ್ಯೆ ಬಂದರೆ ಸಮಯವನ್ನು ಬರೆಯಲೇ ಬೇಡಿ, ಮೊದಲು ಪ್ರೋಗ್ರಾಂ ತಿದ್ದಿ. ಗುಣಾಕಾರ, ಭಾಗಾಕಾರ, ದಶಾಂಶ ಯಾವುದೂ ಇದರಲ್ಲಿ ಇಲ್ಲ, ಕೂಡುವುದು ಮತ್ತು ಮೆಮರಿಗೆ ಬರೆಯುವುದು ಮಾತ್ರ. ಎಂಟು ಬಿಟ್‌ನ ಪ್ರೊಸೆಸರುಗಳನ್ನು ಅಳೆಯಲು ಅದಕ್ಕೇ ಇದು ಸೂಕ್ತ.

ಪ್ರಕಟವಾದ ಫಲಿತಾಂಶಗಳಲ್ಲಿ 4 ಮೆಗಾಹರ್ಟ್ಸ್‌ನ ಝಡ್80 ಅಸೆಂಬ್ಲಿಯಲ್ಲಿ (ಯಂತ್ರಭಾಷೆಯನ್ನು ಮನುಷ್ಯರು ಬರೆಯುವ ರೂಪದಲ್ಲಿ) 6.8 ಸೆಕೆಂಡು, 1 ಮೆಗಾಹರ್ಟ್ಸ್‌ನ 6502 ಅಸೆಂಬ್ಲಿಯಲ್ಲಿ 13.9 ಸೆಕೆಂಡು ತೆಗೆದುಕೊಂಡವು. ಮೈಕ್ರೋಸಾಫ್ಟ್‌ನ ಬೇಸಿಕ್ ಇಂಟರ್‌ಪ್ರಿಟರಿನಲ್ಲಿ ಝಡ್80ಗೆ 1920 ಸೆಕೆಂಡು, ಆಪಲ್‌ಸಾಫ್ಟ್‌ನಲ್ಲಿ 2806 ಸೆಕೆಂಡು ಹಿಡಿಯಿತು. ಅದೇ ಪ್ರೊಸೆಸರ್, ಅದೇ ಗಡಿಯಾರ, ಅದೇ ಲೆಕ್ಕ. ಭಾಷೆಯೊಂದು ಬದಲಾದದ್ದಕ್ಕೆ ಸಮಯ ಇನ್ನೂರು ಮುನ್ನೂರು ಪಟ್ಟು ಬದಲಾಯಿತು. ಎರಡು ಪ್ರೊಸೆಸರುಗಳ ನಡುವಿನ ಅಂತರ ಎರಡು ಪಟ್ಟು ಮಾತ್ರ.

1984ರಲ್ಲಿ ರೈನ್‌ಹೋಲ್ಡ್ ವೈಕರ್ ರಚಿಸಿದ ಡ್ರೈಸ್ಟೋನ್ ಪರೀಕ್ಷೆಯೂ ಕೆಲವು ಕೋಷ್ಟಕಗಳಲ್ಲಿ ಕಾಣಿಸುತ್ತದೆ. ಪ್ರೋಗ್ರಾಂ ಅನ್ನು ಮೊದಲೇ ಯಂತ್ರಭಾಷೆಗೆ ಅನುವಾದಿಸುವ ಕಂಪೈಲರ್ ಚೆನ್ನಾಗಿರುವ ದೊಡ್ಡ ಯಂತ್ರಗಳಿಗೆ ಅದು ಹೊಂದುತ್ತದೆ. 6502ರಂತಹ ಪ್ರೊಸೆಸರಿಗೆ ಸಿ ಭಾಷೆಯ ಕಂಪೈಲರುಗಳು ಸಹಜವಾಗಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ, ಇಲ್ಲಿ ಅದು ಅಳೆಯುವುದು ಹೆಚ್ಚಾಗಿ ಕಂಪೈಲರನ್ನು.

ಆರನೆಯ ಹೆಜ್ಜೆ: ಕಾಗದದ ಮೇಲೆ ಸೈಕಲ್‌ಗಳನ್ನು ಎಣಿಸಿ

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇಲ್ಲಿದೆ. ಈ ಹಳೆಯ ಪ್ರೊಸೆಸರುಗಳಲ್ಲಿ ಕ್ಯಾಶ್ ಮೆಮರಿ ಇಲ್ಲ, ಮುಂದಾಗಿ ಊಹಿಸಿ ಓಡುವ ಯಂತ್ರಾಂಗವೂ ಇಲ್ಲ. ಪ್ರತಿ ಆದೇಶಕ್ಕೆ ಎಷ್ಟು ಸೈಕಲ್ ಎಂಬುದು ಕೈಪಿಡಿಯಲ್ಲಿ ಅಚ್ಚಾಗಿದೆ. ಆದ್ದರಿಂದ ಯಂತ್ರವನ್ನು ಮುಟ್ಟದೆಯೇ ಉತ್ತರ ಪಡೆಯಬಹುದು, ನಂತರ ಯಂತ್ರದಲ್ಲಿ ಓಡಿಸಿ ಲೆಕ್ಕ ಸರಿಯೇ ಎಂದು ತಾಳೆ ನೋಡಬಹುದು.

ಜರಡಿಯ ಅತ್ಯಂತ ಒಳಗಿನ ಲೂಪನ್ನೇ ತೆಗೆದುಕೊಳ್ಳೋಣ: ಒಂದು ಮನೆಗೆ ಸೊನ್ನೆ ಬರೆಯುವುದು, ಸೂಚಕಕ್ಕೆ ಅವಿಭಾಜ್ಯ ಸಂಖ್ಯೆಯನ್ನು ಕೂಡುವುದು, ಕೊನೆ ಮುಟ್ಟದಿದ್ದರೆ ಹಿಂದಿರುಗುವುದು. ಅರೇಯ ಕೊನೆ ದಾಟಿದ್ದು ಕೂಡುವಿಕೆಯ ಕ್ಯಾರಿ (ಮೊತ್ತ ಮಿತಿ ಮೀರಿತು ಎಂದು ಸೂಚಿಸುವ) ಫ್ಲ್ಯಾಗ್‌ನಿಂದಲೇ ತಿಳಿಯುವಂತೆ ಅದನ್ನು ಮೆಮರಿಯಲ್ಲಿ ಜೋಡಿಸಿದ್ದೇವೆ ಎಂದು ಇಟ್ಟುಕೊಳ್ಳಿ. ಝಡ್80ರಲ್ಲಿ ಎಚ್ಎಲ್ ಎಂಬ ರಿಜಿಸ್ಟರ್ (ಪ್ರೊಸೆಸರಿನೊಳಗಿನ ಚಿಕ್ಕ ಸಂಗ್ರಹ) ಜೋಡಿ ತೋರಿಸುವ ಜಾಗಕ್ಕೆ ಬರೆಯಲು 7, ಎಚ್ಎಲ್‌ಗೆ ಡಿಇ ಕೂಡಲು 11, ಹಿಂದಕ್ಕೆ ಹಾರಲು 12, ಒಟ್ಟು 30 ಸೈಕಲ್. 6502ರಲ್ಲಿ 16 ಬಿಟ್ ರಿಜಿಸ್ಟರ್ ಇಲ್ಲದ್ದರಿಂದ ಸೂಚಕವನ್ನು ಸೊನ್ನೆ ಪುಟದ (ಮೆಮರಿಯ ಮೊದಲ 256 ಬೈಟುಗಳ) ಎರಡು ಬೈಟುಗಳಲ್ಲಿ ಇಡಬೇಕು. ಸೊನ್ನೆಯನ್ನು ತರಲು 2, ಸೂಚಕದ ಮೂಲಕ ಬರೆಯಲು 6, ಕೆಳಬೈಟನ್ನು ಓದಿ, ಕೂಡಿ, ಇಡಲು 9, ಮೇಲ್ಬೈಟಿಗೆ ಇನ್ನೊಂದು 9, ಹಾರಲು 3, ಒಟ್ಟು 29.

ಸೈಕಲ್‌ಗಳ ಎಣಿಕೆ ಬಹುತೇಕ ಸಮ ಎಂಬುದನ್ನು ನೋಡಿ. ಆದರೆ ಗಡಿಯಾರಗಳು ಸಮವಾಗಿಲ್ಲ. ಸ್ಪೆಕ್ಟ್ರಮ್‌ನ 3.5 ಮೆಗಾಹರ್ಟ್ಸ್‌ನಲ್ಲಿ ಈ ಸುತ್ತಿಗೆ 8.6 ಮೈಕ್ರೋಸೆಕೆಂಡ್, ಆಪಲ್ ಟುವಿನಲ್ಲಿ 28.3, ಬಿಬಿಸಿ ಮೈಕ್ರೋದಲ್ಲಿ 14.5. ಜರಡಿಯ ಒಂದು ಓಟದಲ್ಲಿ ಈ ಒಳಲೂಪು ಸುಮಾರು 15,000 ಸಲ ನಡೆಯುತ್ತದೆ, ಹತ್ತು ಓಟಕ್ಕೆ ಒಂದೂವರೆ ಲಕ್ಷ. 4 ಮೆಗಾಹರ್ಟ್ಸ್‌ನ ಝಡ್80ರಲ್ಲಿ ಅಷ್ಟಕ್ಕೆ ಹಿಡಿಯುವುದು 1.1 ಸೆಕೆಂಡು ಮಾತ್ರ. ಪ್ರಕಟವಾದ 6.8 ಸೆಕೆಂಡಿನಲ್ಲಿ ಹೊರಲೂಪುಗಳ ಕೆಲಸವೂ ಬರೆದವರ ಶೈಲಿಯೂ ಸೇರಿವೆ ಎಂಬುದು ಇದರಿಂದ ತಿಳಿಯುತ್ತದೆ. ಆ ಅಂಕಿಯನ್ನು ಪ್ರೊಸೆಸರಿನ ಮಿತಿ ಎಂದು ಓದಬಾರದು.

ಕೈಚಳಕಕ್ಕೆ ಇನ್ನೊಂದು ಉದಾಹರಣೆ ಇದೇ ಲೂಪಿನಲ್ಲಿದೆ. 256ಕ್ಕಿಂತ ಚಿಕ್ಕ ಅವಿಭಾಜ್ಯಗಳಿಗೆ 6502ರಲ್ಲಿ ಕೆಳಬೈಟನ್ನು ವೈ ರಿಜಿಸ್ಟರಿನಲ್ಲಿಟ್ಟು, ಕ್ಯಾರಿ ಬಂದಾಗ ಮಾತ್ರ ಮೇಲ್ಬೈಟನ್ನು ಮುಟ್ಟುವಂತೆ ಬರೆದರೆ ಸಾಮಾನ್ಯ ಸುತ್ತು 29ರಿಂದ 18 ಸೈಕಲ್‌ಗೆ ಇಳಿಯುತ್ತದೆ. ಆಗ ಬಿಬಿಸಿ ಮೈಕ್ರೋಗೆ ಅಂತಹ ಸುತ್ತಿಗೆ 9 ಮೈಕ್ರೋಸೆಕೆಂಡ್, ಅಂದರೆ ಸ್ಪೆಕ್ಟ್ರಮ್‌ನ ಸಮಸಮಕ್ಕೆ. ಆದ್ದರಿಂದ ಎರಡೂ ಪ್ರೊಸೆಸರುಗಳಿಗೆ ಒಂದೇ ಮಟ್ಟದ ಶ್ರಮ ಹಾಕಿ. ಒಂದಕ್ಕೆ ನೇರವಾದ ಅನುವಾದ, ಇನ್ನೊಂದಕ್ಕೆ ವಾರವಿಡೀ ಉಜ್ಜಿದ ಕೃತಿ ಎಂದಾದರೆ ಅಳತೆಯಾಗುವುದು ಬರೆದವರ ಒಲವು.

ಒಂದೇ ಲೂಪಿನಿಂದ ತೀರ್ಮಾನಕ್ಕೆ ಬರಬೇಡಿ. 256 ಬೈಟುಗಳನ್ನು ಕ್ಯಾರಿ ಸಹಿತ ಕೂಡಿ ತಾಳೆಮೊತ್ತ ತೆಗೆಯುವ ಕೆಲಸವನ್ನು ನೋಡಿ. 6502ರಲ್ಲಿ ಎಕ್ಸ್ ಸೂಚಿಸಿದ ಬೈಟನ್ನು ಕೂಡಲು 4, ಎಕ್ಸ್ ಏರಿಸಲು 2, ಹಾರಲು 3, ಒಟ್ಟು 9. ಝಡ್80ರಲ್ಲಿ ಕೂಡಲು 7, ಎಚ್ಎಲ್ ಏರಿಸಲು 6, ಬಿ ಇಳಿಸಿ ಹಾರಲು 13, ಒಟ್ಟು 26. ಆಪಲ್ ಟುವಿನಲ್ಲಿ 8.8 ಮೈಕ್ರೋಸೆಕೆಂಡ್, ಸ್ಪೆಕ್ಟ್ರಮ್‌ನಲ್ಲಿ 7.4. ಮೊದಲ ಲೂಪಿನಲ್ಲಿ ಮೂರು ಪಟ್ಟಿಗಿಂತ ಹೆಚ್ಚಿದ್ದ ಅಂತರ ಇಲ್ಲಿ ಶೇಕಡ 20ರ ಒಳಗೆ ಬಂತು. 16 ಬಿಟ್ ವಿಳಾಸಗಳ ಲೆಕ್ಕ ಹೆಚ್ಚಿದ್ದಲ್ಲಿ ಝಡ್80, ಚಿಕ್ಕ ಅರೇಗಳಲ್ಲಿ ಬೈಟು ಬೈಟಾಗಿ ನಡೆಯುವಲ್ಲಿ ಪ್ರತಿ ಸೈಕಲ್‌ಗೆ 6502. ಇದರ ಮೂಲ ಕಾರಣ ಮೆಮರಿಯನ್ನು ಮುಟ್ಟುವ ರೀತಿಯಲ್ಲಿದೆ. 6502 ಪ್ರತಿ ಸೈಕಲ್‌ನಲ್ಲೂ ಮೆಮರಿಯನ್ನು ಒಮ್ಮೆ ಮುಟ್ಟುತ್ತದೆ. ಝಡ್80 ಒಂದು ಓದು ಬರಹಕ್ಕೆ 3, ಆದೇಶವನ್ನು ತರಲು 4 ಸೈಕಲ್ ಬಳಸುತ್ತದೆ. ಹೀಗಾಗಿ ಈ ಎರಡರ ಮೆಗಾಹರ್ಟ್ಸ್‌ಗಳನ್ನು ನೇರವಾಗಿ ಹೋಲಿಸುವುದಕ್ಕೆ ಅರ್ಥವೇ ಇಲ್ಲ.

ಐಬಿಎಂ ಪಿಸಿಯ 8088ಕ್ಕೆ ಮಾತ್ರ ಈ ಎಣಿಕೆ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಆದೇಶಗಳನ್ನು ಮುಂದಾಗಿ ತಂದಿಡುವ ನಾಲ್ಕು ಬೈಟಿನ ಸರದಿ ಅದರಲ್ಲಿದೆ, ಆದರೆ ಎಂಟು ಬಿಟ್ ಬಸ್ಸಿನಲ್ಲಿ ಒಂದು ಬೈಟು ತರಲು 4 ಸೈಕಲ್ ಬೇಕು. ಹಾರಿದಾಗಲೆಲ್ಲ ಸರದಿ ಖಾಲಿಯಾಗುತ್ತದೆ. ಕೈಪಿಡಿಯ ಅಂಕಿಗಳು ಆದೇಶ ಆಗಲೇ ಬಂದು ಕುಳಿತಿದೆ ಎಂದು ಭಾವಿಸುವುದರಿಂದ, ಅಲ್ಲಿ ಕಾಗದದ ಲೆಕ್ಕವನ್ನು ಕನಿಷ್ಠ ಮಿತಿ ಎಂದು ಹಿಡಿದು ಯಂತ್ರದಲ್ಲೇ ಅಳೆಯಿರಿ.

ಏಳನೆಯ ಹೆಜ್ಜೆ: ಪರದೆಯು ಕದಿಯುವ ಸಮಯವನ್ನು ಹಿಡಿಯಿರಿ

ಕಾಗದದ ಲೆಕ್ಕಕ್ಕೂ ಯಂತ್ರದ ಅಳತೆಗೂ ಹೊಂದಿಕೆ ಬಾರದಿದ್ದರೆ ಸಾಮಾನ್ಯವಾಗಿ ಕಾರಣ ಪರದೆ. ಬಿಬಿಸಿ ಮೈಕ್ರೋ ಮತ್ತು ಆಪಲ್ ಟುವಿನಲ್ಲಿ ಪ್ರೊಸೆಸರ್ ಮೆಮರಿಯನ್ನು ಮುಟ್ಟದ ಅರ್ಧದಲ್ಲಿ ಪರದೆಯ ಭಾಗ ಓದಿಕೊಳ್ಳುವುದರಿಂದ ನಷ್ಟವಿಲ್ಲ. ಕಮೋಡೋರ್ 64ರಲ್ಲಿ ಅಕ್ಷರಗಳ 25 ಸಾಲುಗಳಿಗೂ ಒಂದೊಂದು ಸಲ ಪರದೆಯ ಚಿಪ್ 40ರಷ್ಟು ಸೈಕಲ್ ಕಸಿದುಕೊಳ್ಳುತ್ತದೆ; ಪಾಲ್ ಯಂತ್ರದ ಒಂದು ಚೌಕಟ್ಟಿನ 19,656 ಸೈಕಲ್‌ಗಳಲ್ಲಿ ಇದು ಸುಮಾರು ಶೇಕಡ 5. 53265ನೇ ವಿಳಾಸದ ಬೆಲೆಯನ್ನು 239ರೊಂದಿಗೆ ಆ್ಯಂಡ್ ಮಾಡಿ ಮರಳಿ ಬರೆದರೆ ಪರದೆ ಆರುತ್ತದೆ, ಆ ಸೈಕಲ್‌ಗಳು ಹಿಂದಿರುಗುತ್ತವೆ. ಸ್ಪೆಕ್ಟ್ರಮ್‌ನಲ್ಲಿ ಪ್ರೋಗ್ರಾಂ ಮತ್ತು ಅರೇ ಎರಡನ್ನೂ 32768ರ ಮೇಲಿಡಿ, ಅದರ ಕೆಳಗಿನ 16 ಕಿಲೋಬೈಟ್ ರ್‍ಯಾಮ್‌ನಲ್ಲಿ ಪರದೆಯ ಚಿಪ್ ಪ್ರೊಸೆಸರನ್ನು ಕಾಯಿಸುತ್ತದೆ. ಝಡ್ಎಕ್ಸ್81ರಲ್ಲಿ ಪರದೆಯನ್ನು ಬಿಡಿಸುವವನೇ ಪ್ರೊಸೆಸರ್ ಆದ್ದರಿಂದ ಸ್ಲೋ ಮೋಡ್‌ಗೂ ಫಾಸ್ಟ್ ಮೋಡ್‌ಗೂ ಸುಮಾರು ನಾಲ್ಕು ಪಟ್ಟು ಅಂತರ. ಮೋಡ್ ಬರೆಯದ ಝಡ್ಎಕ್ಸ್81 ಅಂಕಿಗೆ ಬೆಲೆಯಿಲ್ಲ.

ಒಂದೇ ಝಡ್80 ಮೂರು ಯಂತ್ರಗಳಲ್ಲಿ ಮೂರು ಬಗೆಯಾಗಿ ನಡೆಯುವುದನ್ನು ನಮ್ಮ 30 ಸೈಕಲ್‌ನ ಲೂಪಿನಿಂದಲೇ ನೋಡಬಹುದು. ಆಮ್‌ಸ್ಟ್ರಾಡ್ ಸಿಪಿಸಿಯ ಗಡಿಯಾರ 4 ಮೆಗಾಹರ್ಟ್ಸ್, ಆದರೆ ಪ್ರತಿ ಆದೇಶವೂ ನಾಲ್ಕರ ಗುಣಕಕ್ಕೆ ಏರುತ್ತದೆ. 8, 12, 12 ಸೇರಿ 32 ಸೈಕಲ್, ಅಂದರೆ 8.0 ಮೈಕ್ರೋಸೆಕೆಂಡ್. ಎಂಎಸ್‌ಎಕ್ಸ್‌ನ ಗಡಿಯಾರ 3.58 ಮೆಗಾಹರ್ಟ್ಸ್, ಆದರೆ ಪ್ರತಿ ಆದೇಶವನ್ನು ತರುವಾಗ ಒಂದು ಸೈಕಲ್ ಹೆಚ್ಚು. 33 ಸೈಕಲ್, 9.2 ಮೈಕ್ರೋಸೆಕೆಂಡ್. ಗಡಿಯಾರ ಕಡಿಮೆಯಿರುವ ಸ್ಪೆಕ್ಟ್ರಮ್ 8.6ರಲ್ಲಿ ಮುಗಿಸಿ ಎಂಎಸ್‌ಎಕ್ಸನ್ನು ಹಿಂದಿಕ್ಕುತ್ತದೆ.

ಎಂಟನೆಯ ಹೆಜ್ಜೆ: ಫಲಿತಾಂಶವನ್ನು ಬರೆಯುವ ರೀತಿ

ಪ್ರತಿ ಪರೀಕ್ಷೆಯನ್ನು ಕನಿಷ್ಠ ಮೂರು ಸಲ ಓಡಿಸಿ, ಮೂರನ್ನೂ ಬರೆಯಿರಿ. ಕೋಷ್ಟಕದಲ್ಲಿ ಒಂದು ಯಂತ್ರಕ್ಕೆ ಒಂದೇ ಅಂಕಿ ಕೊಡುವ ಬದಲು ಬೇಸಿಕ್‌ನ ಸಮಯ, ಯಂತ್ರಭಾಷೆಯ ಸಮಯ, ಸೈಕಲ್‌ಗಳ ಸಂಖ್ಯೆ ಈ ಮೂರಕ್ಕೂ ಬೇರೆ ಬೇರೆ ಕಂಬಗಳನ್ನು ಇಡಿ. ಬೇರೊಬ್ಬರು ನಿಮ್ಮ ಸಾಲನ್ನು ಓದಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಲು ಬೇಕಾದದ್ದೆಲ್ಲ ಅದರಲ್ಲಿರಬೇಕು. ಉದಾಹರಣೆಗೆ ಒಂದು ಸಾಲು ಹೀಗಿರಬಹುದು:

ಸ್ಪೆಕ್ಟ್ರಮ್ 48ಕೆ, ಝಡ್80ಎ, 3.5 ಮೆಗಾಹರ್ಟ್ಸ್, ಪಾಲ್. ಬಿಎಂ7, ರೋಮ್ ಬೇಸಿಕ್, ಮೂಲ ಪಠ್ಯ, ಸುಮಾರು 80 ಸೆಕೆಂಡು, ಒಳ ಗಡಿಯಾರದಿಂದ. ಜರಡಿಯ ಒಳಲೂಪು, ಅಸೆಂಬ್ಲಿ, 32768ರ ಮೇಲೆ, ಇಂಟರಪ್ಟ್ ನಿಲ್ಲಿಸಿ, ಸುತ್ತಿಗೆ 30 ಸೈಕಲ್, 8.6 ಮೈಕ್ರೋಸೆಕೆಂಡ್, ಕಾಗದದ ಲೆಕ್ಕ.